ವಿಮಾನದ ದೋಣಿಯಲ್ಲಿ ಹೋದ ಅಜ್ಜ

ಅಮ್ಮ ಮಸ್ಕತ್ತಿಗೆ ಬಂದಿಳಿದ ಮೂರನೆಯ ದಿನ, ಬೆಳಗಿನ ಚಹಾಕ್ಕೆ ರಸ್ಕು ಅದ್ದುತ್ತ, "ನನ್ನ ಅಪ್ಪ ಬಿದ್ದ ಜಾಗ ಇಲ್ಲಿಂದ ಎಷ್ಟು ದೂರ ಉಂಟು?" ಎಂದು ಕೇಳಿದಳು. ತರಕಾರಿ ಅಂಗಡಿ ಎಷ್ಟು ದೂರ ಎಂದು ಕೇಳುವ ದನಿಯಲ್ಲೇ ಕೇಳಿದಳು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅವತ್ತು ಕಾರಣ ಇತ್ತು. ಎಂಬತ್ತು ದಾಟಿದ, ಮೊಣಕಾಲು ನೋವಿನ ಹೆಂಗಸಿಗೆ ವೀಸಾ ಮಾಡಿಸಿ, ವಿಮಾನ ನಿಲ್ದಾಣದಲ್ಲಿ ವೀಲ್‌ಚೇರಿಗೆ ಹೇಳಿ, ಅಷ್ಟೆಲ್ಲ ಒದ್ದಾಡಿ ನಾನು ಕರೆಸಿಕೊಂಡದ್ದು ಮಗಳ ಮನೆಯಲ್ಲಿ ಒಂದು ತಿಂಗಳು ಕಾಲು ಚಾಚಿ ಕೂರಲಿ ಎಂದು. ಅವಳು ಬಂದದ್ದು ಬೇರೆಯೇ ಕೆಲಸಕ್ಕೆ.

"ಯಾವ ಜಾಗ ಅಮ್ಮ? ಯಾರಿಗೆ ಗೊತ್ತುಂಟು? ಈ ದೇಶದ ಕಡಲ ಕರೆ ಎಷ್ಟು ಉದ್ದ ಅಂತ ನೋಡಿದ್ದೀಯಾ?"

"ನೀನು ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೀಯಲ್ಲ. ಒಬ್ಬರ ಹತ್ತಿರ ಆದ್ರೂ ಕೇಳಿದ್ದೀಯಾ?"

ಕೇಳಿರಲಿಲ್ಲ. ಅಲ್ ಅಜೈಬಾದ ಈ ಫ್ಲಾಟಿಗೆ ಬಂದ ಮೇಲೆ ಮಕ್ಕಳ ಶಾಲೆ, ಆಫೀಸು, ಗಂಡನ ಶುಗರ್ರು, ಶುಕ್ರವಾರದ ಮೀನು ಮಾರ್ಕೆಟ್ಟು, ಇಷ್ಟರಲ್ಲೇ ಇಪ್ಪತ್ತು ವರ್ಷ ಕಳೆದಿದ್ದೆ. ಕಿಟಕಿಯಿಂದ ಕಡಲು ಕಾಣುತ್ತದೆ. ಅದು ಅಜ್ಜ ಮುಳುಗಿದ ಕಡಲು ಎಂದು ಒಂದು ದಿನವೂ ನಿಂತು ನೋಡಿದವಳಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಸಂಗತಿ ಇಷ್ಟು. ನಮ್ಮದು ಮಂಗಳೂರಿನ ಉತ್ತರಕ್ಕೆ, ಕಡಲಿಗೆ ತಾಗಿಕೊಂಡ ಊರು. ಮನೆಮಾತು ತುಳು, ಮನೆತನದ ಕಸುಬು ಮೀನು ಹಿಡಿಯುವುದು. ಅಜ್ಜ, ಎಂದರೆ ಅಮ್ಮನ ಅಪ್ಪ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ಬ್ರಿಟಿಷರ ಸೇನೆಯ ಚಾಕರಿಗೆ ಸೇರಿ, ಒಮಾನಿನ ದಕ್ಷಿಣದ ಒಂದು ದ್ವೀಪಕ್ಕೆ ಬಂದರು. ಬಂದೂಕು ಹಿಡಿಯುವ ಕೆಲಸವಲ್ಲ, ದೋಣಿ ನಡೆಸುವ ಕೆಲಸ. ಆಗ ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ಯುದ್ಧವಿಮಾನಗಳಿದ್ದವು. ಅವುಗಳ ಹೊಟ್ಟೆ ದೋಣಿಯ ಆಕಾರದ್ದು. ನೀರಿನಲ್ಲಿ ಒಂದು ಬದಿಗೆ ವಾಲದ ಹಾಗೆ ಎರಡು ರೆಕ್ಕೆಗಳ ಅಡಿಗೂ ಒಂದೊಂದು ತೇಲುಬುಂಡೆ. ಶತ್ರುಗಳ ಸಬ್‌ಮರೀನು ಹುಡುಕುತ್ತ ಹಗಲಿಡೀ ಕಡಲ ಮೇಲೆ ಸುತ್ತುವುದು ಅವುಗಳ ಕೆಲಸ. ಸುತ್ತಿ ಬಂದ ಮೇಲೆ ನೀರಿನಲ್ಲೇ ಕಟ್ಟಿ ಹಾಕಬೇಕು. ಜನರನ್ನು, ಪೆಟ್ರೋಲನ್ನು, ಊಟವನ್ನು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಒಯ್ಯಬೇಕು. ಅಜ್ಜ ಅದನ್ನು ಮಾಡುತ್ತಿದ್ದರು. ಮನೆಗೆ ಬರೆಸಿದ ಕಾಗದದಲ್ಲಿ ಆ ವಿಮಾನವನ್ನು ಅವರು ವಿಮಾನದ ದೋಣಿ ಎಂದು ಕರೆದಿದ್ದರಂತೆ. ನಮ್ಮ ಮನೆಯಲ್ಲಿ ಇಂದಿಗೂ ಅದೇ ಹೆಸರು.

ಹೆಂಡತಿ ಬಸುರಿ ಎಂದು ಊರಿನಿಂದ ಕಾಗದ ಹೋಯಿತು. ಅವರಿಗೆ ರಜೆ ಸಿಕ್ಕಿತು. ಹಡಗು ಬರುವವರೆಗೆ ಕಾಯುವುದೇಕೆ ಎಂದು ಕರಾಚಿಗೆ ಹೊರಟಿದ್ದ ಅಂಥದೊಂದು ವಿಮಾನದಲ್ಲಿ ಅವರಿಗೂ ಜಾಗ ಕೊಟ್ಟರು. ಎಂಥ ಅದೃಷ್ಟ ನೋಡು ಎಂದು ಜೊತೆಯವರು ಚೇಷ್ಟೆ ಮಾಡಿ ಕಳಿಸಿದರಂತೆ. ಆ ವಿಮಾನ ಕರಾಚಿಗೆ ಮುಟ್ಟಲಿಲ್ಲ. ಕಡಲಿನಲ್ಲಿ ಕಾಣೆಯಾಗಿದ್ದಾರೆ ಎಂಬ ಒಂದು ಚೀಟಿ ಮನೆಗೆ ಬಂತು. ಅದರಲ್ಲಿ ಅವರ ಹೆಸರೂ ನೆಟ್ಟಗಿರಲಿಲ್ಲ.

ಅಜ್ಜಿ ಆ ಚೀಟಿಯನ್ನು ನಂಬಲಿಲ್ಲ. ಅವಳ ವಾದವನ್ನು ಬೇರೆ ಊರಿನವರು ಕೇಳಿದರೆ ನಕ್ಕಾರು, ನಮ್ಮ ಊರಿನಲ್ಲಿ ಯಾರೂ ನಗಲಿಲ್ಲ. "ಅದು ಬಿದ್ದದ್ದು ಗುಡ್ಡೆಗಲ್ಲ, ನೀರಿಗೆ. ಅದು ದೋಣಿ. ದೋಣಿ ನೀರಿಗೆ ಬಿದ್ದರೆ ಎಂತ ಆಗ್ತದೆ? ತೇಲ್ತದೆ. ಒಳಗಿದ್ದವರಿಗೆ ಈಜು ಬರ್ತದೆ. ಮತ್ತೆ ಸಾಯುವುದು ಹೇಗೆ?" ಕಡಲಿನ ಜನ ಮಾತ್ರ ಮಾಡಬಹುದಾದ ತಪ್ಪು ಇದು. ಗದ್ದೆ ಕೆಲಸದವರ ಮನೆಯ ಹೆಣ್ಣಾಗಿದ್ದರೆ ವಿಮಾನ ಬಿತ್ತು ಎಂದಾಗಲೇ ಎದೆ ಬಡಿದುಕೊಂಡು ಅತ್ತು ಮುಗಿಸುತ್ತಿದ್ದಳು. ಅಜ್ಜಿ ಅಳಲಿಲ್ಲ. ಕರಿಮಣಿ ತೆಗೆಯಲಿಲ್ಲ. ನನಗೆ ಬುದ್ಧಿ ಬಂದ ಮೇಲೂ ಕೈತುಂಬ ಬಳೆ ಹಾಕಿಕೊಂಡೇ ಓಡಾಡುತ್ತಿದ್ದಳು, ಬಳೆ ಹಾಕಿಕೊಂಡೇ ಸತ್ತಳು.

ಇದರಿಂದ ಒಂದು ದೊಡ್ಡ ಕೆಲಸ ನಿಂತುಹೋಯಿತು. ನಮ್ಮಲ್ಲಿ ಯಾರಾದರೂ ಸತ್ತರೆ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ಮುಸ್ಸಂಜೆಗೆ ಅವರನ್ನು ಒಳಗೆ ಕರೆಯುವ ಕ್ರಮವಿದೆ. ಬಾಗಿಲಲ್ಲಿ ದೀಪ ಹಿಡಿದು ನಿಂತು, ಸಂಬಂಧ ಹೇಳಿ, ಬನ್ನಿ ಒಳಗೆ ಎಂದು ಕರೆಯುತ್ತಾರೆ. ಕೊಡಿಬಾಳೆಯಲ್ಲಿ, ತುದಿ ಇರುವ ಬಾಳೆಲೆಯಲ್ಲಿ, ಬಡಿಸುತ್ತಾರೆ. ಹಾಗೆ ಕರೆಸಿಕೊಂಡವರು ಮನೆಯ ಹಿರಿಯರ ಸಾಲಿಗೆ ಸೇರುತ್ತಾರೆ, ಪ್ರತಿ ಮಳೆಗಾಲದ ಆಟಿ ತಿಂಗಳಲ್ಲೂ ಅವರಿಗೊಂದು ಎಲೆ ಇರುತ್ತದೆ. ಕರೆಯದೆ ಬಿಟ್ಟವರು ಹೊರಗೇ ಉಳಿಯುತ್ತಾರೆ. ಬದುಕಿದ್ದವರನ್ನು ಹಾಗೆ ಕರೆದರೆ ಕೊಂದ ಹಾಗೆ ಎಂದು ಅಜ್ಜಿ ಬಿಡಲಿಲ್ಲ. ಅಳಿಯಕಟ್ಟಿನ, ಎಂದರೆ ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ, ಲೆಕ್ಕದಲ್ಲಿ ಕರೆಯುವ ಹಕ್ಕು ಅಜ್ಜನ ಅಕ್ಕತಂಗಿಯರ ಮನೆಗೆ ಸೇರಿದ್ದು. ಆ ಸಂತಾನವೂ ಅಳಿದುಹೋಯಿತು. ಉಳಿದವಳು ಅಮ್ಮ ಒಬ್ಬಳೇ.

"ಅಮ್ಮ, ಅವರು ಈಗ ಬದುಕಿದ್ದರೂ ನೂರು ದಾಟಿರ್ತಿತ್ತು. ಊರಿನಲ್ಲೇ ಕರೆದುಬಿಡಬಹುದಿತ್ತಲ್ಲ," ಎಂದೆ ಅವತ್ತು.

"ಸತ್ತದ್ದು ಗೊತ್ತುಂಟು ಮಾರಾಯ್ತಿ, ನನಗೇನು ಮರುಳಾ? ಎಲ್ಲಿ ಅಂತ ಗೊತ್ತಿಲ್ಲ. ಎತ್ತ ಮುಖ ಮಾಡಿ ಕರೆಯುವುದು? ಇಷ್ಟು ದೊಡ್ಡ ಕಡಲಿಗೆ ಒಟ್ರಾಶಿ ಬನ್ನಿ ಅಂದ್ರೆ ಯಾರು ಬರ್ತಾರೆ?" ರಸ್ಕು ಚಹಾದಲ್ಲಿ ಮುರಿದು ಬಿತ್ತು. ಅವಳು ಬೆರಳು ಹಾಕಿ ತೆಗೆದಳು. "ನಾನು ಹೋದ ಮೇಲೆ ಅವರನ್ನು ಅಪ್ಪ ಅಂತ ಕರೆಯುವವರು ಯಾರೂ ಇಲ್ಲ. ಮತ್ತೆ ಅವರು ಹೊರಗೇ."

ಮರುದಿನದಿಂದ ಆಫೀಸಿನ ಊಟದ ಹೊತ್ತಿನಲ್ಲಿ ಆ ವಿಮಾನಗಳ ಬಗ್ಗೆ ಹುಡುಕಿ ಓದತೊಡಗಿದೆ. ಓದಿದಷ್ಟೂ ಅಜ್ಜಿಯ ಮಾತು ಎದುರು ಬಂದು ನಿಲ್ಲುತ್ತಿತ್ತು. ಮೇಲಿನಿಂದ ನೋಡುವವನಿಗೆ ಕಡಲು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಕಾಣುತ್ತದಂತೆ. ದೂರದಿಂದ ಉರುಳಿ ಬರುವ ಉದ್ದ ಅಲೆ, ನಮ್ಮವರು ದೊಡ್ಡ ನೀರು ಎನ್ನುವುದು, ಮೇಲಿನಿಂದ ಗೊತ್ತೇ ಆಗುವುದಿಲ್ಲ. ಕೊಲ್ಲಿಯ ಒಳಗಿನ ಮೆತ್ತನೆ ನೀರಿನಲ್ಲಿ ಇಳಿದರೆ ಸರಿ, ತೆರೆದ ಕಡಲಿನಲ್ಲಿ ಇಳಿದರೆ ಮೊದಲ ಅಲೆ ಎತ್ತಿ ಎಸೆಯುತ್ತದೆ, ಎರಡನೆಯದು ಮೂತಿಗೆ ಹೊಡೆಯುತ್ತದೆ. ಆ ವೇಗದಲ್ಲಿ ನೀರು ಕಲ್ಲಿನಷ್ಟೇ ಗಟ್ಟಿ. ತೆಳ್ಳಗಿನ ಅಲ್ಯೂಮಿನಿಯಂ ತಗಡು ಸೀಳುತ್ತದೆ, ಇಲ್ಲವೇ ತೇಲುಬುಂಡೆ ಮುರಿದು ರೆಕ್ಕೆ ಮುಳುಗತೊಡಗುತ್ತದೆ. ಶತ್ರುವಿನ ಗುಂಡಿಗಿಂತ ಹೀಗೆ ಇಳಿಯುವಾಗ, ಏಳುವಾಗ ಸತ್ತವರ ಕಥೆಗಳೇ ನನಗೆ ಹೆಚ್ಚು ಸಿಕ್ಕವು. ಆ ಕಥೆಗಳಲ್ಲಿ ಬಿಳಿಯರ ಹೆಸರುಗಳಿದ್ದವು. ದೋಣಿಯವರ, ಅಡುಗೆಯವರ ಹೆಸರು ಒಂದೂ ಕಾಣಲಿಲ್ಲ. ಪರದೆಯ ಮುಂದೆ ಕುಳಿತು ಎಷ್ಟೋ ಸಲ ತುಳುವಿನಲ್ಲಿ ಬೈದಿದ್ದೇನೆ.

ಅಮ್ಮ ಬಂದು ಮೂರು ವಾರ ಕಳೆದ ಮೇಲೆ ಒಂದು ದಿನ ಹಾಗೆ ಬೈಯುವಾಗ ಪಕ್ಕದ ಮೇಜಿನ ಹುಡುಗಿ ಕೇಳಿಸಿಕೊಂಡಳು. ನಮ್ಮದು ಯಂತ್ರಗಳ ಬಿಡಿಭಾಗ ತರಿಸಿಕೊಡುವ ಕಂಪನಿ. ಅವಳು ಸೂರ್ ಎಂಬ ಬಂದರು ಊರಿನ ಕಡೆಯ ಒಮಾನಿ, ನನ್ನ ಮಗಳ ವಯಸ್ಸಿನವಳು, ನನ್ನನ್ನು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಏನಾಯಿತು ಖಾಲಾ ಎಂದಳು. ಹೇಳಿದೆ. ನೀರಿನ ಮೇಲೆ ಕೂರುವ ತಯ್ಯಾರ, ಎಂದರೆ ವಿಮಾನ, ಅದರಲ್ಲಿ ನಮ್ಮ ಅಜ್ಜ, ಎಂದು ನಾನು ಶುರು ಮಾಡಿದ್ದೇ ತಡ, ಅವಳು ತುತ್ತನ್ನು ಕೆಳಗಿಟ್ಟಳು.

"ನಮ್ಮ ಅಜ್ಜ ಹೇಳುವ ಕಥೆ ಅದು! ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಹಗ್ಗ ಕಟ್ಟಿಕೊಂಡು ಈಜಿದ ಹಿಂದಿ ಮನುಷ್ಯನ ಕಥೆ."

ನಾನು ನಂಬಲಿಲ್ಲ. ಅಂಥ ವಿಮಾನ ಒಂದೇ ಬಿದ್ದದ್ದೇ? ಹಿಂದಿ ಮನುಷ್ಯ ಎಂದರೆ ಇವರ ಲೆಕ್ಕದಲ್ಲಿ ಇಂಡಿಯಾದವನು, ಪಂಜಾಬಿಯೂ ಆಗಬಹುದು, ಮಲಬಾರಿಯೂ ಆಗಬಹುದು. ಅಮ್ಮನಿಗೆ ಸುಮ್ಮನೆ ಆಸೆ ಹುಟ್ಟಿಸಿ ಕಡೆಗೆ ಬರಿಗೈಯಲ್ಲಿ ಕಳಿಸುವುದು ನನ್ನಿಂದಾಗದ ಕೆಲಸ. ಆದರೆ ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಹೇಳಿಬಿಟ್ಟೆ. ಬಾಯಿ ತಡೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾವು ಮೂವರು ಹೊರಟೆವು, ಅಮ್ಮ, ನಾನು, ಆ ಹುಡುಗಿ. ಕಾರು ಅವಳದೇ. ಕುರಿಯಾತ್ ಎಂಬ ಊರು ದಾಟಿದರೆ ದಾರಿಯುದ್ದಕ್ಕೂ ಬೋಳು ಗುಡ್ಡಗಳು. ಅಮ್ಮ ಒಳ್ಳೆಯ ಸೀರೆ ಉಟ್ಟು, ಯಾರದೋ ಮನೆಗೆ ಹೆಣ್ಣು ಕೇಳಲು ಹೊರಟವಳ ಹಾಗೆ ನೆಟ್ಟಗೆ ಕುಳಿತಿದ್ದಳು.

ಹುಡುಗಿಯ ಅಜ್ಜ ಸೂರ್‌ನಲ್ಲಿ ಮಗನ ಮನೆಯಲ್ಲಿದ್ದರು. ತೊಂಬತ್ತರ ಹತ್ತಿರದ ಮುದುಕರು, ಹಾಯಿಹಡಗಿನ ನಾಖುದಾ, ಎಂದರೆ ಕಪ್ತಾನ, ಆಗಿದ್ದವರು. ಊರೆಲ್ಲ ಈಗಲೂ ಅವರನ್ನು ನಾಖುದಾ ಎಂದೇ ಕರೆಯುತ್ತದೆ. ಕಣ್ಣು ಮಂಜು, ಕಿವಿ ಚುರುಕು. ನಾವು ಮಂಗಳೂರಿನವರು ಎಂದದ್ದೇ ಬೊಂಬಾಯಿ ಬಂದರಿನ ಹಿಂದಿಯಲ್ಲಿ, "ಮಂಗಲೂರ್! ಹಂಚು, ಮರ, ಗೇರುಬೀಜ!" ಎಂದು ನಕ್ಕರು. ನಾಲ್ಕು ಸಲ ಅಲ್ಲಿಗೆ ಹೋಗಿದ್ದರಂತೆ. ಖರ್ಜೂರ, ಕಹ್ವಾ ಎಂಬ ಕಾಫಿ, ಹಲ್ವಾ ಬಂದವು. ತಿನ್ನದೆ ಮಾತು ಶುರು ಮಾಡಲು ಅವರು ಬಿಡಲಿಲ್ಲ.

ಅವರು ಹೇಳಿದ್ದನ್ನು ನಾನು ಸಾಲುಸಾಲಾಗಿ ತುಳುವಿಗೆ ತಿರುಗಿಸಿ ಅಮ್ಮನಿಗೆ ಹೇಳುತ್ತ ಹೋದೆ.

ಅವರು ಎಂಟೊಂಬತ್ತು ವರ್ಷದವರಿದ್ದಾಗಿನ ಮಾತು. ಅವರ ಹಳ್ಳಿ ಸೂರ್‌ನ ದಕ್ಷಿಣಕ್ಕೆ, ತೆರೆದ ಕಡಲಿಗೆ ಎದುರಾಗಿರುವ ಜಾಗ. ಖರೀಫಿನ ತಿಂಗಳು, ಎಂದರೆ ನಮ್ಮ ಮಳೆಗಾಲವೇ. ಮಳೆ ಅಲ್ಲಿಗೆ ಬರುವುದಿಲ್ಲ, ಗಾಳಿ ಮತ್ತು ಅಲೆ ಬರುತ್ತವೆ. ದೋಣಿಗಳನ್ನೆಲ್ಲ ಮೇಲೆ ಎಳೆದು ಗರಿ ಹೊದೆಸಿ ಇಟ್ಟಿದ್ದರು. ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ ಒಂದು ವಿಮಾನ ಹೊಗೆ ಬಿಡುತ್ತ ಬಂತು. ಕಡಲಿಗೆ ಇಳಿಯಿತು. ಒಮ್ಮೆ ಹಾರಿತು, ಮತ್ತೆ ಬಿತ್ತು, ಮುಳುಗಲಿಲ್ಲ. ತೇಲಿತು.

"ತೇಲಿತಾ?" ಎಂದಳು ಅಮ್ಮ. "ಅವ್ವ ಹೇಳಿದ್ದು ಸುಳ್ಳಲ್ಲ."

ತೇಲಿತು, ಆದರೆ ಒಂದು ಬದಿಯ ತೇಲುಬುಂಡೆ ಮುರಿದಿತ್ತು. ಆ ಬದಿಗೆ ಮಗುಚದ ಹಾಗೆ ಜನರೆಲ್ಲ ಇನ್ನೊಂದು ರೆಕ್ಕೆಯ ಮೇಲೆ ಹತ್ತಿ ಕುಳಿತರು. ಬೇಲಿಯ ಮೇಲೆ ಕೋಳಿ ಕೂತ ಹಾಗೆ ಕಾಣುತ್ತಿತ್ತು ಎಂದರು ನಾಖುದಾ. ದಡಕ್ಕೂ ಅವರಿಗೂ ನಡುವೆ ಅಲೆ ಒಡೆಯುವ ಪಟ್ಟಿ. ಹಳ್ಳಿಯವರು ಒಂದು ದೋಣಿ ಇಳಿಸಲು ನೋಡಿದರು, ಅದು ಮೊದಲ ಅಲೆಗೇ ಮಗುಚಿತು. ಆಗ ರೆಕ್ಕೆಯಿಂದ ಒಬ್ಬ ಎದ್ದ. ಬಿಳಿಯನಲ್ಲ, ಕಪ್ಪು ಮೈಯವನು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ನೀರಿಗೆ ಹಾರಿದ.

ಅಮ್ಮ ಕೈಯಲ್ಲಿದ್ದ ಕಹ್ವಾದ ಬಟ್ಟಲನ್ನು ನೆಲದ ಮೇಲಿಟ್ಟಳು. ಅವಳಿಗೆ ವಿವರಣೆ ಬೇಕಿರಲಿಲ್ಲ. ನಮ್ಮ ಊರಿನಲ್ಲೂ ದೋಣಿ ಅಲೆಯಾಚೆ ಸಿಕ್ಕಿಬಿದ್ದರೆ ಈಜು ಗಟ್ಟಿ ಇರುವವನು ಹಗ್ಗದ ತುದಿ ಹಿಡಿದು ದಡಕ್ಕೆ ಬರುತ್ತಾನೆ. ದಡದವರು ಅದನ್ನು ಹಿಡಿದು ದೋಣಿಯನ್ನು ಜನರ ಸಮೇತ ಎಳೆಯುತ್ತಾರೆ. ದಡದಲ್ಲಿದ್ದ ಒಮಾನಿ ಮೀನುಗಾರರಿಗೂ ನೋಡಿದ ಕೂಡಲೇ ಅರ್ಥವಾಯಿತಂತೆ. ಗಂಡಸರೆಲ್ಲ ಕೈಗೆ ಕೈ ಹೆಣೆದು ಎದೆಮಟ್ಟದ ನೀರಿಗೆ ಇಳಿದರು. ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಮುಂದೆ ನಿಂತವರು ನಾಖುದಾರ ಅಪ್ಪ. ಈಜುವವನು ಅಲೆಯ ಅಡಿಗೆ ಹೋಗುತ್ತ, ಮೇಲೆ ಬರುತ್ತ, ಚೆನ್ನಾಗಿ ಬಂದ. ಇನ್ನು ನಾಲ್ಕೈದು ಮಾರು ದೂರ. ಅಲ್ಲಿಗೆ ಹಗ್ಗ ಮುಗಿಯಿತು.

"ಅವನು ಹಿಂದೆ ತಿರುಗಿ ಕೂಗಿದ," ಎಂದರು ನಾಖುದಾ. "ಒಂದೇ ಮಾತು, ಮತ್ತೆ ಮತ್ತೆ. ನನಗೆ ಅದರ ಅರ್ಥ ಗೊತ್ತಿರಲಿಲ್ಲ. ಮರೆಯಲೂ ಇಲ್ಲ. ದೊಡ್ಡವನಾಗಿ ಹಡಗು ಹತ್ತಿ ಮಂಗಲೂರಿನ ಬಂದರಿಗೆ ಹೋದಾಗ, ಹಡಗನ್ನು ದಡಕ್ಕೆ ಕಟ್ಟುವ ಕೂಲಿಯವರು ಅದೇ ಮಾತು ಕೂಗಿದರು. ಓಹೋ, ಅವನು ಇಲ್ಲಿಯವನು ಅಂತ ಆವತ್ತು ಗೊತ್ತಾಯಿತು. ಆದರೆ ಯಾರನ್ನು ಕೇಳಲಿ? ಹೆಸರು ಗೊತ್ತಿಲ್ಲ."

"ಯಾವ ಮಾತು?" ಎಂದೆ.

ಆ ಮುದುಕರು ಎರಡೂ ಕೈ ಎತ್ತಿ, ಕಡಲಿನ ಕಡೆಗೆ ತಿರುಗಿದವರ ಹಾಗೆ ಮುಖ ತಿರುಗಿಸಿ, ಕೂಗಿದರು. "ಬಲ್ಲ್! ಬಲ್ಲ್!"

ತುಳುವಿನಲ್ಲಿ ಹಗ್ಗಕ್ಕೆ ಬಲ್ಲ್ ಎನ್ನುತ್ತಾರೆ. ಅರಬರ ಮನೆಯ ಮಜಲಿಸಿನಲ್ಲಿ, ಎಂದರೆ ಪಡಸಾಲೆಯಲ್ಲಿ, ತೊಂಬತ್ತರ ಒಮಾನಿಯ ಬಾಯಲ್ಲಿ, ನಮ್ಮ ಊರಿನ ಕಡಲ ದಡದ ಕೂಗು. ನನಗೆ ಅನುವಾದ ಮಾಡಬೇಕಾಗಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬಿಳಿಯರಿಗೆ ತುಳು ಬರುವುದಿಲ್ಲ ಎಂದು ಅಜ್ಜನಿಗೆ ಗೊತ್ತಿರಲಿಲ್ಲವೇ, ಎಂದು ನಾನು ಯೋಚಿಸಿದೆ. ಪ್ರಾಣ ಬಾಯಿಗೆ ಬಂದಾಗ ಯಾರು ಅದನ್ನೆಲ್ಲ ನೆನಪಿಟ್ಟುಕೊಳ್ಳುತ್ತಾರೆ! ಕೂಗಿದ್ದು ಅರ್ಥವಾಗಿದ್ದರೂ ಕೊಡಲು ಇನ್ನಷ್ಟು ಹಗ್ಗ ಆ ಬಿಳಿಯರಲ್ಲಿ ಇರಲಿಲ್ಲವೇನೋ.

ಅದು ಅಜ್ಜನೇ ಎನ್ನುವುದಕ್ಕೆ ಕಾಗದದ ಸಾಕ್ಷಿ ನನ್ನಲ್ಲಿಲ್ಲ. ಬೇರೊಬ್ಬ ತುಳುವನೂ ಇದ್ದಿರಬಹುದು ಎಂದು ಯಾರಾದರೂ ವಾದ ಮಾಡಿದರೆ ಮಾಡಲಿ. ಆ ಮಜಲಿಸಿನಲ್ಲಿ ಅಮ್ಮನ ಪಕ್ಕ ಕುಳಿತಿದ್ದವಳು ನಾನು. ನನಗೆ ಅನುಮಾನ ಬರಲಿಲ್ಲ.

ಆಮೇಲೆ ನಾಖುದಾ ಇನ್ನಷ್ಟು ಹೇಳಿದರು. ನಾನು ಅದನ್ನು ಪೂರ್ತಿ ತಿರುಗಿಸಲಿಲ್ಲ. ಹಗ್ಗ ಮುಗಿಯಿತು, ಅಲೆ ಬಂತು, ಮುಳುಗಿದರು, ಎಂದಷ್ಟೇ ಹೇಳಿದೆ.

ಅಮ್ಮ ನನ್ನ ಮುಖ ನೋಡಿದಳು. "ಅವರು ಅಷ್ಟು ಉದ್ದ ಹೇಳಿದರು. ನೀನು ಗಿಡ್ಡ ಮಾಡಿದೆ."

"ಅಷ್ಟೇ ಅಮ್ಮ."

"ನನ್ನ ಅಪ್ಪನ ಮಾತು ಅದು. ನಿನ್ನದಲ್ಲ. ಹೇಳು."

ಹೇಳಿದೆ. ಹಗ್ಗ ಮುಗಿದಲ್ಲಿ ಅಜ್ಜ ಬಹಳ ಹೊತ್ತು ನಿಂತರಂತೆ, ಎಂದರೆ ಅಲೆಗಳ ನಡುವೆ ಕೈಕಾಲು ಬಡಿಯುತ್ತ ಅಲ್ಲೇ ಉಳಿದರಂತೆ. ಮುಂದೆ ಬರಲು ಹಗ್ಗ ಬಿಡುತ್ತಿರಲಿಲ್ಲ, ಬಿಚ್ಚಿ ಬಿಟ್ಟರೆ ರೆಕ್ಕೆಯ ಮೇಲಿದ್ದವರಿಗೆ ದಡದ ದಾರಿ ಇರಲಿಲ್ಲ. ದಡದವರೆಲ್ಲ ಬಿಚ್ಚು, ಬಿಚ್ಚು ಎಂದು ಸನ್ನೆ ಮಾಡಿದರು. ನಾಖುದಾರ ಅಪ್ಪ ತನ್ನ ಸೊಂಟ ಮುಟ್ಟಿ ತೋರಿಸಿ ಕೂಗಿದರು. ಅಜ್ಜ ನೋಡಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದರು. ಮತ್ತೆ ಹಿಂದೆ ತಿರುಗಿ ಬಲ್ಲ್ ಎಂದು ಕೂಗಿದರು. ಮುಂದಿನ ದೊಡ್ಡ ಅಲೆಯಾದ ಮೇಲೆ ತಲೆ ಕಾಣಲಿಲ್ಲ. ಕತ್ತಲಾಗುವ ಮೊದಲು ಆ ವಿಮಾನ ಮುಳುಗಿತು. ರೆಕ್ಕೆಯ ಮೇಲಿದ್ದವರು ಗಾಳಿ ತುಂಬಿದ ರಬ್ಬರ್ ದೋಣಿ ಹತ್ತಿ ಅಲೆಯಾಚೆ ತೇಲುತ್ತಿದ್ದರು. ಬೆಳಿಗ್ಗೆ ಒಂದು ಹಡಗು ಬಂದು ಅವರನ್ನೆಲ್ಲ ಎತ್ತಿಕೊಂಡು ಹೋಯಿತು. ಎರಡು ದಿನದ ಮೇಲೆ ಹೆಣ ದಡಕ್ಕೆ ಬಂತು, ಸೊಂಟದಲ್ಲಿ ಹಗ್ಗ ಇದ್ದ ಹಾಗೇ.

"ಗಂಟು ದೋಣಿಯವರು ಹಾಕುವ ಗಂಟು," ಎಂದರು ನಾಖುದಾ. "ನನ್ನ ಅಪ್ಪ ಒಂದು ಸಲ ಎಳೆದದ್ದಕ್ಕೆ ಬಿಚ್ಚಿಕೊಂಡಿತು. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಅಲ್ಲೇ ಕೂತು ಅತ್ತ. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ಕೈ ಸಿಗುತ್ತಿತ್ತು ಅಂತ ಸಾಯುವವರೆಗೂ ಹೇಳುತ್ತಿದ್ದ. ಆ ಮನುಷ್ಯನ ಮನೆಯವರು ಯಾರಾದರೂ ಸಿಕ್ಕಿದರೆ ಮಾಫಿ ಕೇಳು ಅಂದಿದ್ದ. ಈಗ ಕೇಳುತ್ತಿದ್ದೇನೆ."

ಅಮ್ಮ ಅವರನ್ನೇ ನೋಡಿದಳು. "ಆಟಿಯ ಕಡಲಿಗೆ ಯಾರು ಇಳಿಯುತ್ತಾರೆ? ನಮ್ಮ ಊರಿನಲ್ಲಾದರೆ ಕಾಲು ಸಹ ಹಾಕುವುದಿಲ್ಲ. ಎದೆವರೆಗೆ ಇಳಿದದ್ದೇ ದೊಡ್ಡದು. ಅವರ ಅಪ್ಪನದು ಏನೂ ತಪ್ಪಿಲ್ಲ ಅಂತ ಹೇಳು." ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

ಊಟವಾದ ಮೇಲೆ ಹಳ್ಳಿಗೆ ಹೋದೆವು. ನಾಖುದಾ ಮುಂದಿನ ಸೀಟಿನಲ್ಲಿ ಕುಳಿತು ದಾರಿ ಹೇಳಿದರು. ಊರ ಹೊರಗೆ, ಕಡಲಿಗೆ ಸ್ವಲ್ಪ ಮೇಲೆ, ಮೋಟು ಗೋಡೆಯ ಒಳಗೆ ಸಾಲುಸಾಲಾಗಿ ಕಲ್ಲುಗಳು. ಹೆಸರು ಬರೆಯುವ ರೂಢಿ ಅಲ್ಲಿಲ್ಲ. ಹೆಂಗಸರು ಒಳಗೆ ಹೋಗುವ ಪದ್ಧತಿಯೂ ಇಲ್ಲವೆಂದು ನಾವು ಗೋಡೆಯ ಹೊರಗೆ ನಿಂತೆವು. ನಾಖುದಾ ಕೋಲು ಎತ್ತಿ ಕೊನೆಯ ಸಾಲನ್ನು ತೋರಿಸಿದರು. ಇವನ ದೇವರು ಯಾವುದೋ ನಮಗೆ ಗೊತ್ತಿರಲಿಲ್ಲ, ನಮ್ಮವನ ಹಾಗೆಯೇ ಮಣ್ಣು ಕೊಟ್ಟೆವು, ಎಂದರು. ಕೆಳಗೆ ಕಡಲು ಅವತ್ತು ಮೆತ್ತಗೆ ಇತ್ತು. ಅಮ್ಮ ಕೈ ಮುಗಿಯಲಿಲ್ಲ, ಕರೆಯಲೂ ಇಲ್ಲ. ಗೋಡೆಗೆ ಒರಗಿ ನಿಂತು ಅಷ್ಟು ಹೊತ್ತು ನೋಡಿ, "ಸಾಕು, ಹೋಗುವಾ," ಎಂದಳು.

ನಾಖುದಾರನ್ನು ಮನೆಗೆ ಬಿಟ್ಟು ವಾಪಸು ಬರುವಾಗ ಅಮ್ಮನ ಸಿಟ್ಟು ಹೊರಬಂತು. ನನಗೆ ಈ ಗುಣ ಎಲ್ಲಿಂದ ಬಂತು ಎನ್ನುವುದು ಅವತ್ತು ತಿಳಿಯಿತು.

"ಬಿಚ್ಚಬಹುದಿತ್ತು ಅವರಿಗೆ. ಒಂದು ಕೈಯಲ್ಲಿ ಎಳೆದರೆ ಆಯಿತು. ದಡದಲ್ಲಿ ಜನ ಕೈ ನೀಡಿ ನಿಂತಿದ್ದರು. ಹೊಟ್ಟೆಯಲ್ಲಿ ನಾನಿದ್ದೇನೆ ಅಂತ ಅವರಿಗೆ ಗೊತ್ತಿತ್ತು. ನನ್ನನ್ನು ನೋಡಲಿಕ್ಕೆ ಅಂತಲೇ ಹೊರಟದ್ದಲ್ವಾ? ಆ ಬಿಳಿಯರು ಯಾರು ಅವರಿಗೆ? ಅಕ್ಕನ ಮಕ್ಕಳಾ, ತಂಗಿಯ ಮಕ್ಕಳಾ? ಅವರು ಹೇಗಿದ್ದರೂ ಬದುಕಿದರು. ಅವ್ವ ಅಷ್ಟು ವರ್ಷ ಬಾಗಿಲು ಕಾದಳು. ನಾನು ಶಾಲೆಯಲ್ಲಿ ಅಪ್ಪ ಎಲ್ಲಿ ಅಂತ ಕೇಳಿದರೆ ಕಡಲಿನಲ್ಲಿದ್ದಾರೆ, ಬರ್ತಾರೆ ಅಂತ ಹೇಳಿದೆ. ಮದುವೆಯಲ್ಲಿ ನನ್ನನ್ನು ಧಾರೆ ಎರೆದು ಕೊಟ್ಟದ್ದು ಮಾವ. ಒಂದು ಗಂಟು! ಒಂದು ಗಂಟು ಬಿಚ್ಚಲಿಕ್ಕೆ ಆಗಲಿಲ್ಲ ಅವರಿಗೆ!"

"ಅವರಿಗೆ ಹೇಗೆ ಗೊತ್ತಿರ್ತದೆ ಅಮ್ಮ, ಬೆಳಿಗ್ಗೆ ಹಡಗು ಬರ್ತದೆ ಅಂತ?"

"ನೀನು ಅವರ ಪರ ಮಾತಾಡಬೇಡ," ಎಂದಳು. "ನಾನು ಕರೆಯುವುದಿಲ್ಲ. ಇರಲಿ ಅವರು ಅಲ್ಲೇ."

ಹುಡುಗಿ ಏನಾಯಿತೆಂದು ಕಣ್ಣಿನಲ್ಲೇ ಕೇಳಿದಳು. ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮನೆಗೆ ಬಂದ ಮೇಲೆ ಅಮ್ಮ ಊಟ ಮಾಡದೆ ಮಲಗಿದಳು.

ನನಗೆ ದಿಗಿಲಾಯಿತು. ಅವಳ ವೀಸಾಕ್ಕೆ ಉಳಿದಿದ್ದದ್ದು ನಾಲ್ಕು ದಿನ. ಮತ್ತೊಂದು ಸಲ ಅವಳು ಇಷ್ಟು ದೂರ ಬರುವುದಿಲ್ಲ, ಅವಳಿಗೂ ಗೊತ್ತು, ನನಗೂ ಗೊತ್ತು. ಎಂಬತ್ತು ವರ್ಷ ಹುಡುಕಿದ್ದು ಸಿಕ್ಕಿತು, ಸಿಕ್ಕಿದ ಮೇಲೆ ಬೇಡವಾಯಿತು. ಬಾಯಿ ಮುಚ್ಚಿಕೊಂಡು ಗಿಡ್ಡ ಮಾಡಿಯೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು, ಎಂದು ನನ್ನನ್ನೇ ಬೈದುಕೊಂಡೆ. ನಮ್ಮ ಯಜಮಾನರು, "ಅವರ ಅಪ್ಪ, ಅವರ ಸಿಟ್ಟು. ನೀನು ನಡುವೆ ಹೋಗಬೇಡ ಮಾರಾಯ್ತಿ," ಎಂದರು. ಅಪರೂಪಕ್ಕೆ ಅವರ ಮಾತು ಕೇಳಿದೆ.

ಮರುದಿನ ಬೆಳಿಗ್ಗೆ ಅಮ್ಮ ಎದ್ದು, ಮುಖ ತೊಳೆದು, ಅಡುಗೆಮನೆಗೆ ಬಂದು, "ಇಲ್ಲಿ ಬೂತಾಯಿ ಸಿಗ್ತದಾ?" ಎಂದಳು. ಸಿಗುತ್ತದೆ ಎಂದೆ. "ಕೊಡಿಬಾಳೆ?" ಅದೂ ನಮ್ಮವರ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತಂದುಕೊಟ್ಟೆ. ಅವಳೇ ಮೀನು ಕುಯ್ದಳು, ಅವಳೇ ಮೆಣಸು ಅರೆದಳು, ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಅರೆಯುವಾಗಲೂ ಏನೋ ಗೊಣಗುತ್ತಲೇ ಇದ್ದಳು. ಕಿವಿಗೊಟ್ಟರೆ ಸಿಟ್ಟು ಇಳಿದಿರಲಿಲ್ಲ. ಅಪ್ಪನಿಗೆ ಬೈಯುತ್ತ ಅಪ್ಪನಿಗೆ ಅಡುಗೆ ಮಾಡುತ್ತಿದ್ದಳು.

ಮುಸ್ಸಂಜೆಗೆ ಸ್ನಾನ ಮಾಡಿ ಬಂದಳು. ಹಾಲ್‌ನ ಸೋಫಾ ಸರಿಸಿ, ನೆಲ ಒರೆಸಿ, ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಬೂತಾಯಿ ಪುಳಿಮುಂಚಿ ಬಡಿಸಿದಳು. ನಮ್ಮ ಫ್ಲಾಟಿನ ಬಾಗಿಲು ತೆರೆದರೆ ಎದುರಿಗೆ ಲಿಫ್ಟು, ಪಕ್ಕದಲ್ಲಿ ಚಪ್ಪಲಿ ಗೂಡು. ಸೂರ್‌ನ ದಿಕ್ಕು ಅದೇ ಎಂದು ಯಜಮಾನರು ಮೊಬೈಲಿನಲ್ಲಿ ನೋಡಿ ಹೇಳಿದರು. ಅಮ್ಮ ದೀಪ ಹಿಡಿದು ಹೊಸ್ತಿಲಲ್ಲಿ ನಿಂತಳು. ಬಾಗಿಲು ತಾನಾಗಿ ಮುಚ್ಚಿಕೊಳ್ಳದ ಹಾಗೆ ನಾನು ಹಿಡಿದುಕೊಂಡಿದ್ದೆ.

ತುಳುವಿನಲ್ಲಿ ಅಪ್ಪನಿಗೆ ಅಮ್ಮೆರ್ ಎನ್ನುತ್ತಾರೆ. ಅಮ್ಮ ಬಾಯಿ ತೆರೆದಳು, ಮಾತು ಬರಲಿಲ್ಲ. ಆಗ ನನಗೆ ಹೊಳೆಯಿತು. ಎಂಬತ್ತು ವರ್ಷದಲ್ಲಿ ಅವಳು ಆ ಪದ ಹೇಳಿ ಯಾರನ್ನೂ ಕರೆದಿರಲಿಲ್ಲ. ಅಪ್ಪನ ಬಗ್ಗೆ ಸಾವಿರ ಸಲ ಮಾತಾಡಿದ್ದಳು, ಅಪ್ಪಾ ಎಂದು ಒಮ್ಮೆಯೂ ಕೂಗಿರಲಿಲ್ಲ. ಅವಳು ದೀಪವನ್ನು ಇನ್ನೊಂದು ಕೈಗೆ ಬದಲಿಸಿದಳು. ಎಣ್ಣೆ ಚೆಲ್ಲಿ ಕೈ ಸುಟ್ಟುಕೊಂಡಾಳೆಂದು ನಾನು ಕೈ ಚಾಚಿದೆ. ಅವಳು ಮೊಣಕೈಯಿಂದ ನನ್ನನ್ನು ತಳ್ಳಿದಳು.

"ಅಮ್ಮೆರೇ!" ಎಂದಳು. ಗದರುವ ದನಿ. ಶಾಲೆ ಬಿಟ್ಟು ತಡವಾಗಿ ಬಂದರೆ ನಮ್ಮನ್ನು ಗದರುತ್ತಿದ್ದಳಲ್ಲ, ಅದೇ. ಲಿಫ್ಟಿನ ಮುಂದಿದ್ದ ಖಾಲಿ ಜಾಗ ಆ ಕೂಗಿಗೆ ಮರುದನಿಗೊಟ್ಟಿತು. ಆಮೇಲೆ ದನಿ ತಗ್ಗಿಸಿ, ಎದುರಿಗೆ ನಿಂತವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

"ಅವರೆಲ್ಲ ದಡ ಸೇರಿ ಆಯಿತು. ನೀವು ಇನ್ನೂ ಹಿಡಿದುಕೊಂಡು ನಿಂತದ್ದು ಯಾರಿಗೆ? ಆ ಗಂಟು ಬಿಚ್ಚಿ. ಬಿಚ್ಚಿ ಒಳಗೆ ಬನ್ನಿ."

ಹೇಳಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.